ಕೆಂಪು ಖಣ, ಕರಿ ಬಂಡೆ

ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಹೋಗುವ ಬಸ್ಸು ಊರು ಬರುವ ಮುಂಚೆ ಒಂದು ಶಾಲೆಯ ಗೋಡೆಯ ಪಕ್ಕ ನಿಧಾನ ಮಾಡುತ್ತದೆ. ಅಲ್ಲಿ ರಸ್ತೆಯಲ್ಲಿ ಉಬ್ಬು ಇದೆ. ಹೋದ ವಾರ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೊರಟಿದ್ದೆ. ಕಿಟಕಿಯ ಸೀಟು ಸಿಕ್ಕಿತ್ತು, ಶಿವನ ದಯೆ. ಗೋಡೆಗೆ ಕಟ್ಟಿದ ದೊಡ್ಡ ಫ್ಲೆಕ್ಸ್ ಕಣ್ಣಿಗೆ ಬಿತ್ತು. ಮೇಲೆ ತೆಲುಗಿನಲ್ಲಿ, ಹೆಣ್ಣುಮಕ್ಕಳು ಆಕಾಶ ಮುಟ್ಟಲಿ ಎನ್ನುವಂಥ ಮಾತು. ಕೆಳಗೆ ಒಂದು ಕರಿ ಬಂಡೆ, ಅದರ ಪಕ್ಕ ಒಂದು ತುಂಡು ಆಕಾಶ. ಅಷ್ಟು ನೋಡುವುದರೊಳಗೆ ಬಸ್ಸು ಉಬ್ಬು ದಾಟಿ ಮುಂದೆ ಹೋಯಿತು.

ಆ ಬಂಡೆ ನನಗೆ ಗೊತ್ತು. ಆ ಫೋಟೋ ತೆಗೆದವಳು ನಾನು. ಅದರಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತಿರುವವಳು ನನ್ನ ಮಗಳು ರೇಣುಕಾ. ಫ್ಲೆಕ್ಸಿಗೆ ಹಾಕುವ ಮುಂಚೆ ನಮ್ಮನ್ನು ಯಾರೂ ಕೇಳಿರಲಿಲ್ಲ. ಕೇಳಬೇಕೆಂದರೂ ಯಾರನ್ನು ಕೇಳಬೇಕೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಆ ಫೋಟೋದಲ್ಲಿ ಮುಖವೇ ಇಲ್ಲ.

ತೊಟ್ಟಿಲ ಹಾಡು ಹಾಡುವಾಗಲೂ ನನ್ನ ತಲೆಯೊಳಗೆ ಎರಡು ವರ್ಷದ ಹಿಂದಿನ ಆ ಚಳಿಗಾಲವೇ ತಿರುಗುತ್ತಿತ್ತು. ದಸರೆಯಿಂದ ಎಳ್ಳಮಾಸಿಯವರೆಗಿನ, ಎಂದರೆ ಎಳ್ಳು ಅಮಾವಾಸ್ಯೆಯವರೆಗಿನ ದಿನಗಳು.

ನಮ್ಮದು ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಅಂಗಡಿ ನಮ್ಮ ಮನೆಯವರದು, ಮನೆ ನನ್ನದು. ಬೆಳಿಗ್ಗೆ ಮಿಂದು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದ ಮೇಲೇ ಒಲೆ. ಮಲಗುವ ಮುಂಚೆ ಆ ದಿನ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಎಣಿಸುತ್ತೇನೆ. ಹಾಲು ಒಡೆಯಲಿಲ್ಲ, ನೀರು ಹೊತ್ತಿಗೆ ಬಂತು, ಯಾರೂ ಮನಸ್ಸಿಗೆ ಚುಚ್ಚುವಂಥ ಮಾತು ಆಡಲಿಲ್ಲ. ಇದು ನಮ್ಮವ್ವ ಕಲಿಸಿದ ರೂಢಿ. ದೊಡ್ಡದು ಕೇಳಬಾರದು, ಕೊಟ್ಟದ್ದನ್ನು ಎಣಿಸಬೇಕು ಎನ್ನುತ್ತಿದ್ದಳು.

ರೇಣು ಆಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನವರು ಒಮ್ಮೆ ಕಲ್ಹೇರ್ ಆಚೆಯ ಗುಡ್ಡಕ್ಕೆ ಕರೆದುಕೊಂಡು ಹೋಗಿ ಬಂಡೆ ಹತ್ತಿಸಿದ್ದರು. ಕಲಿಸಿದವರು ಮಾಳಪ್ಪ ಸರ್. ಕುರಿ ಸಾಕುವ ಮನೆತನ, ಅದೇ ಗುಡ್ಡದ ಕೆಳಗಿನ ಊರು. ಓದಿ ಆಟದ ಮಾಸ್ತರರಾಗಿದ್ದರು, ಎಲ್ಲೋ ದೂರ ಹೋಗಿ ಹಗ್ಗದ ವಿದ್ಯೆ ಕಲಿತು ಬಂದಿದ್ದರು. ಭಾನುವಾರಗಳಂದು ಮೂರು ನಾಲ್ಕು ಹುಡುಗಿಯರಿಗೆ ಕಲಿಸುತ್ತಿದ್ದರು. ರೇಣು ಒಂದು ಸಲ ಹೋಗಿ ಬಂದದ್ದೇ ಆಯಿತು, ಉಣ್ಣುವಾಗಲೂ ಆಕೆಯ ಕೈಬೆರಳುಗಳು ತಟ್ಟೆಯ ಅಂಚನ್ನು ಬಂಡೆಯ ಹಾಗೆ ಹಿಡಿಯುತ್ತಿದ್ದವು.

ಉತ್ತರದ ಹಿಮದ ಬೆಟ್ಟಗಳ ಕಡೆ ಒಂದು ದೊಡ್ಡ ತರಬೇತಿ ಇದೆಯಂತೆ. ಅದು ಮುಗಿಸಿದರೆ ಆಕೆಯೂ ಕಲಿಸುವವಳಾಗಬಹುದು, ಕೆಲಸ ಸಿಗುತ್ತದೆ. ಆದರೆ ಮೊದಲು ಹತ್ತುವ ಫೋಟೋ ಕಳಿಸಬೇಕು. ಕೈ ಎಲ್ಲಿ ಹಿಡಿದಿದೆ, ಕಾಲು ಎಲ್ಲಿ ಊರಿದೆ, ಮೈ ಹೇಗೆ ತೂಗಿದೆ, ಎಲ್ಲ ಸ್ಪಷ್ಟ ಕಾಣಬೇಕು.

ಮನೆಯವರಿಗೆ ಹೇಳಲು ಬಾಯಿ ತೆಗೆದೆ. ಅವರು ಕೈ ಅಡ್ಡ ಮಾಡಿದರು.

"ನನಗೇನೂ ಹೇಳಬ್ಯಾಡ, ಶಾಂತಾ. ಹೇಳಿದ್ರ ನಾ ಬ್ಯಾಡ ಅನಬೇಕಾಗ್ತದ. ಅಲ್ಲಿ ಗುಡ್ಡದ ಬುಡಕ ಈಶ್ವರನ ಗುಡಿ ಅದಲ್ಲ? ತಾಯಿ ಮಗಳು ಗುಡಿಗಿ ಹೋಗಿ ಬರ್ರಿ."

ಹೀಗೆ ನಾವು ಗುಡಿಗೆ ಹೋಗತೊಡಗಿದೆವು. ಸುಳ್ಳೇನಲ್ಲ. ಗುಡಿಗೆ ಹೋಗಿಯೇ ಹೋಗುತ್ತಿದ್ದೆ, ದೀಪ ಹಚ್ಚಿಯೇ ಹಚ್ಚುತ್ತಿದ್ದೆ. ಗುಡಿಯ ಮೇಲಿನ ಬಂಡೆಯ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ ಬಂದಿತ್ತು, ಆಧಾರ್ ಕಾರ್ಡು ತೋರಿಸಿದರೆ ಆಯಿತು. ಅದೂ ಒಂದು ಉಪಕಾರವೆಂದು ಎಣಿಸಿದೆ.

ಹಗ್ಗ ಹಿಡಿಯಲು ಸರ್ ಬೇಕು. ಉಳಿದ ಹುಡುಗಿಯರು ತಮ್ಮ ತಮ್ಮ ಪಾಳಿಗೆ ಕಾಯಬೇಕು. ಕೆಲಸವಿಲ್ಲದೆ ಕುಳಿತವಳು ನಾನೊಬ್ಬಳೇ. ರೇಣು ತನ್ನ ಫೋನು ನನ್ನ ಕೈಗೆ ಕೊಟ್ಟಳು.

"ಅವ್ವಾ, ನೀನೇ ತೆಗಿ."

ತೆಗೆದೆ. ಆಕೆ ಕೆಳಗಿಳಿದ ಮೇಲೆ ಎಲ್ಲರೂ ಸುತ್ತ ನಿಂತು ನೋಡಿದರು. ಮಾಳಪ್ಪ ಸರ್ ಫೋನು ಹತ್ತಿರ ಹಿಡಿದರು, ದೂರ ಹಿಡಿದರು.

"ಅಕ್ಕಾರ, ಫೋಟೋ ಭಾರಿ ಬಂದದ್ರಿ. ಕಲ್ಲಿಂದು. ನಿಮ್ಮ ಮಗಳು ಎಲ್ಲಿದಾಳ?"

ಹುಡುಗಿಯರು ಕಿಸಕ್ಕನೆ ನಕ್ಕರು. ರೇಣು ಕಾಲೇಜಿನ ಕರಿ ಟ್ರ್ಯಾಕ್ ಪ್ಯಾಂಟು, ಬೂದು ಅಂಗಿ ಹಾಕಿದ್ದಳು. ಬಂಡೆಯ ಮೇಲೆ ಮಳೆನೀರು ಇಳಿದ ಕರಿ ಗೆರೆಗಳಿದ್ದವು. ಆಕೆಯೂ ಅವುಗಳಲ್ಲಿ ಒಂದು ಗೆರೆಯಾಗಿದ್ದಳು.

"ನಾ ಸತ್ತು ಸತ್ತು ಮ್ಯಾಲ ಹೋಗೀನಿ, ನೀ ಬರೇ ಕಲ್ಲು ತೆಗೆದೀಯಲ್ಲ!" ಎಂದಳು. ಬೆರಳ ತುದಿಯ ಚರ್ಮ ಕಿತ್ತಿತ್ತು. ಆ ಕೈ ನೋಡಿ ನನಗೆ ಸಂಕಟವಾಯಿತು. ಅಷ್ಟು ಮೈ ದಂಡಿಸಿಯೂ ಹುಡುಗಿ ಕಾಣದೆ ಹೋದರೆ ಏನು ಬಂತು?

ಮುಂದಿನ ವಾರ ಬಿಳಿ ಅಂಗಿ ಹಾಕಿಸಿದೆ. ಬಿಸಿಲಿಗೆ ಅಂಗಿ ಸುಣ್ಣದ ಉಂಡೆಯ ಹಾಗೆ ಹೊಳೆದು, ಕೈಕಾಲು ಕತ್ತಲಾದವು. ಆಮೇಲೆ ಬಜಾರಿನಿಂದ ಗಿಳಿಹಸಿರಿನದು ತಂದೆ. ಬಂಡೆಯ ಸೀಳುಗಳಲ್ಲಿ ಮಳೆಗಾಲದ ಹುಲ್ಲು ಇನ್ನೂ ಒಣಗಿರಲಿಲ್ಲ. ಹುಲ್ಲಿನಲ್ಲಿ ಹುಲ್ಲಾದಳು. ಫೋನಿನೊಳಗೇ ಬಣ್ಣ ಏರಿಸಲು ಬರುತ್ತದೆಂದು ಒಬ್ಬ ಹುಡುಗಿ ತೋರಿಸಿಕೊಟ್ಟಳು. ಎಳೆದೆ. ಬಂಡೆ ಬೂಂದಿ ಲಾಡಿನ ಬಣ್ಣವಾಯಿತು.

"ಬ್ಯಾಡ್ರಿ ಅಕ್ಕಾರ," ಎಂದರು ಸರ್. "ಹಿಂಗ ಮಾಡಿದ್ರ ಕಲ್ಲೂ ಸುಳ್ಳು ಕಾಣ್ತದ, ಹುಡುಗೀನೂ ಸುಳ್ಳು ಕಾಣ್ತಾಳ. ಮುಂಜಾನಿ ಈ ಕಲ್ಲಿಗಿ ನೆರಳು. ಮಧ್ಯಾಹ್ನ ಬಿಸಿಲು ನೆತ್ತಿ ಮ್ಯಾಲ. ಸಂಜಿ ಬಿಸಿಲು ಅಡ್ಡ ಬೀಳ್ತದ ನೋಡ್ರಿ, ಆವಾಗ ತೆಗೀರಿ. ಫೋನು ಆಕಾಶ ನೋಡಿ ಮೋಸ ಹೋಗ್ತದ. ಹುಡುಗಿ ಮ್ಯಾಲ ಬೆರಳಿಟ್ಟು ಒತ್ತರಿ, ಬೆಳಕು ಆಕಿ ಲೆಕ್ಕಕ್ಕ ಬರ್ತದ."

ಉಳಿದದ್ದು ನನಗೆ ಹೊಳೆದದ್ದು ಒಂದು ಸೋಮವಾರ ಪೂಜೆಗೆ ಕುಳಿತಾಗ. ಅಂಗೈಯಲ್ಲಿ ಕರಿ ಲಿಂಗ. ಬಿಲ್ವಪತ್ರೆ ಇಟ್ಟೆ, ಕರಿಯೊಳಗೆ ಕಪ್ಪಾಗಿ ಸೇರಿತು. ಮಲ್ಲಿಗೆ ಇಟ್ಟೆ, ದೀಪದ ಬೆಳಕಿಗೆ ಬರೀ ಒಂದು ಬಿಳಿ ಚುಕ್ಕೆ, ಎಸಳು ತಿಳಿಯದು. ಕೆಂಪು ಕಣಗಿಲೆ ಇಟ್ಟೆ. ಎಸಳೆಸಳೂ ಕಂಡಿತು, ಲಿಂಗವೂ ಕಂಡಿತು. ಇಷ್ಟು ವರ್ಷ ದಿನಾ ನೋಡಿದ್ದೆ, ಆವತ್ತು ಕಂಡೆ. ಕೈಮುಗಿದು, "ನಮ್ಮಪ್ಪಾ, ಇದನ್ನೂ ನೀನೇ ಹೇಳಿಕೊಡಬೇಕಾಯ್ತಲ್ಲ" ಎಂದೆ.

ಕೆಂಪು ಬಟ್ಟೆಗೆ ಎಲ್ಲಿಯೂ ಹೋಗಬೇಕಿರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅಡಿಕೆಯ ಜೊತೆ ಒಂದು ಕುಪ್ಪಸದ ಖಣ ಇಡುತ್ತಾರೆ. ಬಂದ ಖಣವನ್ನು ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು, ಇನ್ನೊಬ್ಬರ ಉಡಿ ತುಂಬುವಾಗ ಅದನ್ನೇ ಇಡುತ್ತಾರೆ. ಹೀಗೆ ಒಂದೊಂದು ಖಣ ಹತ್ತು ಮನೆ ತಿರುಗಿ, ಒಮ್ಮೊಮ್ಮೆ ಕೊಟ್ಟವಳ ಟ್ರಂಕಿಗೇ ವಾಪಸು ಬರುತ್ತದೆ. ಯಾವ ಖಣ ಯಾರಿಗೆ ಹೋಯಿತೆಂಬುದು ಹೆಂಗಸರಿಗೆ ನೆನಪಿರುತ್ತದೆ. ಮಕ್ಕಳ ಹುಟ್ಟಿದ ದಿನ ಮರೆತಾರು, ಇದನ್ನು ಮರೆಯರು.

ಟ್ರಂಕಿನ ಮೇಲೆಯೇ ಇತ್ತು ದಾಳಿಂಬೆ ಕೆಂಪಿನ ಖಣ. ದಸರೆಗೆ ತಾಂಡೂರಿನಿಂದ ಬಂದಿದ್ದ ನಮ್ಮ ನೆಗೆಣ್ಣಿ ಸುವರ್ಣಕ್ಕ, ಎಂದರೆ ಭಾವನ ಹೆಂಡತಿ, ರೇಣುವಿನ ಉಡಿಗೆ ಇಟ್ಟದ್ದು. ತನ್ನ ಅಣ್ಣನ ಮಗನಿಗೆ ರೇಣುವನ್ನು ತಂದುಕೊಳ್ಳುವ ಮಾತನ್ನು ಆಗಲೇ ಎತ್ತಿದ್ದಳು. ಆ ಹುಡುಗನದು ತಾಂಡೂರಿನಲ್ಲಿ ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಮಾತು ಇನ್ನೂ ಮುಗಿದಿರಲಿಲ್ಲ. ಖಣವಂತೂ ಜೋಡಿ ತಪ್ಪಿದ್ದು. ಒಂದು ಕಡೆಯ ಅಂಚು ಹಳದಿ, ಇನ್ನೊಂದು ಕಡೆಯದು ಹಸಿರು. ಸುವರ್ಣಕ್ಕ ಕೊಡುವುದೇ ಹೀಗೆ. ಆದರೆ ಬಣ್ಣ ಮಾತ್ರ ನನ್ನ ಕಣಗಿಲೆಯದೇ.

ಕತ್ತರಿ ಹಾಕಿದೆ. ಒಂದು ಖಣದಲ್ಲಿ ಪೂರ್ತಿ ಅಂಗಿ ಆಗುವುದಿಲ್ಲ. ಎದೆ, ಬೆನ್ನು ಅದರದು, ತೋಳಿಗೆ ರೇಣುವಿನದೇ ಹಳೆಯ ಹಳದಿ ಲಂಗ. ಅಂಚುಗಳನ್ನು ಬೆನ್ನಿನ ಎರಡೂ ಬದಿಗೆ ಬರುವಂತೆ ಇಟ್ಟು ಹೊಲಿದೆ, ಮೈಯ ತಿರುವು ಎದ್ದು ಕಾಣಲಿ ಎಂದು. ನಾನು ಮಾಡಿದ್ದು ತಪ್ಪೆಂದು ಆಮೇಲೆ ಎಲ್ಲರೂ ಅಂದರು. ನಾನು ಅನ್ನುವುದಿಲ್ಲ. ಆಕೆಯ ಉಡಿಗೆ ಬಂದದ್ದು, ಆಕೆಯ ಮೈಮೇಲೇ ಹೋಯಿತು.

ಒಂದು ತೊಡಕು ಉಳಿದಿತ್ತು. ಮಗಳು ಕಾಣಬೇಕು, ಆದರೆ ಮುಖ ಕಾಣಬಾರದು. ಮದುವೆಯ ಮಾತು ನಡೆದ ಹುಡುಗಿ. ಫೋಟೋ ಎಲ್ಲೆಲ್ಲಿ ಹೋಗುತ್ತದೋ ಯಾರಿಗೆ ಗೊತ್ತು.

"ತರಬೇತಿಯವರಿಗಿ ಮುಖ ಬ್ಯಾಡವ್ವಾ, ಕೈಕಾಲು ಬೇಕು," ಎಂದಳು ರೇಣು. "ನಾ ಕಲ್ಲಿನ ಕಡೀನೇ ನೋಡ್ತೀನಿ. ನೀ ಧೈರ್ಯಲೆ ತೆಗಿ."

ಆ ಭಾನುವಾರದ ಹಿಂದಿನ ದಿನ ಅಕಾಲದ ಮಳೆ ಬಿದ್ದು ಧೂಳೆಲ್ಲ ತೊಳೆದಿತ್ತು. ಕೆಳಗಿನಿಂದ ತೆಗೆದರೆ ಬರೀ ಅಂಗಾಲು ಕಾಣುತ್ತದೆಂದು ಎದುರಿನ ಬಂಡೆಯ ಮೇಲೆ ಸೀರೆ ಕಚ್ಚೆ ಹಾಕಿ ಹತ್ತಿ ಕುಳಿತೆ. ಕುರಿಗಳು ನನ್ನನ್ನೇ ನೋಡುತ್ತಿದ್ದವು. ಕೆಳಗಿನಿಂದ ಸರ್, "ನೋಡ್ರೇ, ಅಕ್ಕಾರೂ ಹತ್ತಿಬಿಟ್ರು! ಇವರಿಗೊಂದು ಹಗ್ಗ ಕಟ್ಟಬೇಕಿತ್ತು!" ಎಂದು ಕೂಗಿದರು. ಅಡ್ಡಬಿಸಿಲು ಬಂತು. ಬಂಡೆಯ ಒಂದೊಂದು ಗಂಟೂ ನೆರಳು ಚೆಲ್ಲಿ ಎದ್ದು ನಿಂತಿತು. ರೇಣು ಬಂಡೆಯ ಅಂಚಿಗೆ ಸರಿದಳು. ಅರ್ಧ ಮೈ ಕಲ್ಲಿನ ಮೇಲೆ, ಅರ್ಧ ಮೈ ನೀಲಿ ಆಕಾಶದ ಮೇಲೆ. ಒಂದು ಕೈ ಮೇಲಿನ ಸೀಳಿನಲ್ಲಿ, ಒಂದು ಕಾಲು ಎಲ್ಲೂ ಊರದೆ ಗಾಳಿಯಲ್ಲಿ.

ಅಬ್ಬಾ, ನನ್ನ ಮಗಳು ಕಂಡಳು. ಹೆತ್ತ ದಿನದಿಂದ ನೋಡಿದ್ದೇನೆ, ಹಾಗೆ ಎಂದೂ ಕಂಡಿರಲಿಲ್ಲ. ನಮಃ ಶಿವಾಯ ಎಂದು ಒತ್ತಿದೆ.

ಆ ಸಂಜೆ ಬಸ್ಸು ತಪ್ಪಿತು. ಆಟೋ, ಜೀಪು ಹಿಡಿದು ತಡವಾಗಿ ಮನೆ ಸೇರಿದೆವು. ಅನ್ನ ಆರಿತ್ತೆಂದು ಮನೆಯವರು ಒಂದು ಮಾತೂ ಆಡಲಿಲ್ಲ. ಎಣಿಸಿದೆ.

ಫೋಟೋ ಕಳಿಸಿದ ಮೇಲೆ ಕೆಲವು ವಾರಕ್ಕೆ ರೇಣು ಆರಿಸಿ ಬಂದಳೆಂದು ಸುದ್ದಿ ಬಂತು. ಶಿವರಾತ್ರಿ ಆದ ಮೇಲೆ ಹೊರಡಬೇಕು. ಆಕೆ ನನ್ನನ್ನು ಎತ್ತಿ ಅಡುಗೆಮನೆಯಲ್ಲಿ ತಿರುಗಿಸಿದಳು. ಮಾಳಪ್ಪ ಸರ್ ಕೇಳಿದರು, "ಹೆಸರು ಹಾಕಂಗಿಲ್ರಿ, ಫೋಟೋ ನನ್ನ ಸ್ಟೇಟಸ್‌ಗಿ ಹಾಕಲೇನ್ರಿ? ಇನ್ನೂ ನಾಕು ಹುಡುಗ್ಯಾರು ಬರ್ತಾರ." ಹೂಂ ಎಂದೆವು. ಮುಖವಿಲ್ಲವಲ್ಲ.

ಆ ಫೋಟೋಕ್ಕೆ ರೆಕ್ಕೆ ಬಂತು. ನಮ್ಮ ಕಡೆಯ ಹುಡುಗಿ ಎಂದು ಬರೆದು ಗುಂಪಿನಿಂದ ಗುಂಪಿಗೆ ಹಾರಿತು.

ಎಳ್ಳಮಾಸಿಗೆ ಪ್ರತಿವರ್ಷದಂತೆ ತಾಂಡೂರಿನ ಹತ್ತಿರದ ಭಾವನ ಹೊಲಕ್ಕೆ ಹೋದೆವು. ಸುಣ್ಣ ಬಳಿದ ಐದು ಕಲ್ಲಿಗೆ ಪೂಜೆ, ಬೆಳೆಯ ಮೇಲೆ ಚರಗದ ಎಡೆ ಚೆಲ್ಲಿದ್ದಾಯಿತು. ತೊಗರಿ, ಜೋಳದ ನಡುವೆ ಜಮಖಾನೆ ಹಾಸಿ ಕುಳಿತೆವು. ಭಜ್ಜಿ, ಸಜ್ಜೆ ಕಡುಬು. ರೇಣು ಅಂಬಲಿ ಹಾಕುತ್ತಿದ್ದಳು. ಊಟದ ನಡುವೆ ಸುವರ್ಣಕ್ಕನ ಫೋನು ಹೆಂಗಸರ ಕೈಯಿಂದ ಕೈಗೆ ಹೋಯಿತು.

"ಎಂಥಾ ಛಾತಿ ನೋಡ್ರೇ ಈ ಹುಡುಗೀದು!" ಸುವರ್ಣಕ್ಕನ ದನಿ ದೊಡ್ಡದು. "ನಮ್ಮ ಮನ್ಯಾಗೂ ಹುಟ್ಯಾವ. ಜಿರಳಿ ಕಂಡ್ರ ಮಂಚ ಏರ್ತಾವ."

"ಯಾರ ಮಗಳೋ ಏನೋ. ಹಡೆದಾಕಿ ಹೊಟ್ಟಿ ತಣ್ಣಗಿರಲಿ," ಎಂದಳು ಅವಳ ಅತ್ತಿಗೆ, ಅಣ್ಣನ ಹೆಂಡತಿ. ಈ ಅತ್ತಿಗೆಯ ಮಗನಿಗೇ ರೇಣುವನ್ನು ಕೇಳಿದ್ದು.

ಆ ಹರಕೆ ಎಲ್ಲಿ ಬೀಳುತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಸೆರಗಿನೊಳಗೆ ಕಟ್ಟಿಕೊಂಡಂತೆ ಇಟ್ಟುಕೊಂಡೆ. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ರೇಣು ಅಂಬಲಿ ಹಾಕುತ್ತ ನನ್ನನ್ನು ನೋಡಿ ತುಟಿ ಕಚ್ಚಿ ನಕ್ಕಳು.

ಸುವರ್ಣಕ್ಕ ಫೋನು ವಾಪಸು ತೆಗೆದುಕೊಂಡು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು.

"ತಡೀರೇ. ಒಂದು ಅಂಚು ಹಳದಿ, ಒಂದು ಅಂಚು ಹಸರು. ಇದು ನನ್ನ ಖಣ."

"ಹಂಥಾ ಖಣ ಎಷ್ಟೋ ಇರ್ತಾವಕ್ಕಾ," ಎಂದೆ.

"ಇಲ್ಲ. ಜೋಡಿ ತಪ್ಪಿದ್ದು ಅಂಗಡ್ಯಾಗ ಅದೊಂದೇ ಇತ್ತು." ಆಕೆಯ ಕಣ್ಣು ಫೋನಿನಿಂದ ರೇಣುವಿನ ಬೆನ್ನಿಗೆ ಹೋಯಿತು, ಬೆನ್ನಿನಿಂದ ಫೋನಿಗೆ ಬಂತು. ಆ ಫೋಟೋ ಅಷ್ಟು ಚೆನ್ನಾಗಿ ಬಂದಿತ್ತು. ಅಡ್ಡಬಿಸಿಲಿನಲ್ಲಿ ಹಸಿರು ಅಂಚು ಹಸಿರಾಗಿಯೇ, ಹಳದಿ ಅಂಚು ಹಳದಿಯಾಗಿಯೇ ಇದ್ದವು. "ನಾ ಉಡಿ ತುಂಬಿದ ಖಣ ಹರಿದು ಅಂಗಿ ಮಾಡಿ, ಮದಿವಿ ಮಾತಾದ ಹುಡುಗಿ ಗಂಡಸರ ಮುಂದ ಹಗ್ಗಕ್ಕ ಜೋತಾಡ್ಯಾಳ! ಶಾಂತಾ, ನಿನಗ ಬುದ್ಧಿ ಎಲ್ಲಿ ಹೋಗಿತ್ತು?"

ರೇಣು ಅಂಬಲಿಯ ಸೌಟು ಗಡಿಗೆಯೊಳಗೆ ಇಟ್ಟಳು. ದನಿ ಏರಿಸಲಿಲ್ಲ.

"ದೊಡ್ಡವ್ವಾ, ಈಗಷ್ಟೇ ಛಾತಿ ಅಂದಿದ್ದಿ."

"ಯಾರದೋ ಮಗಳು ಅಂತ ತಿಳಕೊಂಡು ಅಂದೆ."

ಹರಕೆ ಕೊಟ್ಟ ಅತ್ತಿಗೆ ತಟ್ಟೆಯಲ್ಲಿನ ಭಜ್ಜಿಯನ್ನು ಬೆರಳಿನಿಂದ ಆಚೀಚೆ ಸರಿಸುತ್ತಿದ್ದಳು. ಗಂಡಸರ ಸಾಲಿನಿಂದ ಭಾವ ಎದ್ದು ಬಂದರು. ಫೋನು ನೋಡಿದರು. ತಮ್ಮನ ಕಡೆ ತಿರುಗಿದರು.

"ನಿನಗ ಗೊತ್ತಿತ್ತೇನಪಾ?"

ನಮ್ಮ ಮನೆಯವರು ನೆಲ ನೋಡಿದರು.

"ಇಲ್ಲಣ್ಣಾ. ಗುಡಿಗಿ ಹೋಗ್ತೀವಿ ಅಂತಿದ್ರು."

ಅದೂ ಸುಳ್ಳಲ್ಲ. ನಾನು ಅವರಿಗೆ ಏನೂ ಹೇಳಿರಲಿಲ್ಲ, ಅವರೇ ಹೇಳಗೊಟ್ಟಿರಲಿಲ್ಲ. ನಮ್ಮಿಬ್ಬರ ಸತ್ಯ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದರೊಳಗೆ ಮಗಳಿಗೆ ನಿಲ್ಲಲು ಜಾಗವಿರಲಿಲ್ಲ.

ಮುಂದಿನದನ್ನು ಹಿಗ್ಗಿಸಿ ಹೇಳುವುದಕ್ಕೇನಿಲ್ಲ. ಸಂಬಂಧ ಮುರಿಯಲಿಲ್ಲ. ಸುವರ್ಣಕ್ಕ ದೊಡ್ಡ ಮನಸ್ಸು ಮಾಡಿದಳು. ಹಾಗಂತ ಆಕೆಯೇ ಎಲ್ಲರಿಗೂ ಹೇಳಿಕೊಂಡಳು. ಹಗ್ಗ ಬಿಡಬೇಕು, ಬೇಸಿಗೆಯೊಳಗೆ ಮದುವೆ ಆಗಬೇಕು, ಅಷ್ಟೇ. ನಾನು ಒಮ್ಮೆ, ಒಂದೇ ಸಲ, ಮನೆಯವರ ಮುಂದೆ ನಿಂತು, "ಹುಡುಗಿ ಹೋಗಿ ಕಲಿತು ಬರಲಿ, ಆಮ್ಯಾಲ ಮದಿವಿ ಮಾಡೋಣು" ಎಂದೆ. "ಅಣ್ಣಗ ಮಾತು ಕೊಟ್ಟೀನಿ" ಎಂದರು. ಮಗಳಿಗೆ ಯಾವ ಮಾತೂ ಕೊಟ್ಟಿರಲಿಲ್ಲವಲ್ಲ, ಮುರಿಯುವ ಪ್ರಶ್ನೆಯೇ ಬರಲಿಲ್ಲ. ರೇಣು ಅಳಲಿಲ್ಲ. ಶಿವರಾತ್ರಿಯ ಉಪವಾಸದ ದಿನ ಆ ಅಂಗಿಯನ್ನು ಒಗೆದು, ಮಡಚಿ, ನನ್ನ ಟ್ರಂಕಿನಲ್ಲಿ ಖಣಗಳ ಮೇಲೆ ಇಟ್ಟಳು. ತೋಳು ಹಚ್ಚಿ ಅಂಗಿಯಾದ ಖಣವನ್ನು ಇನ್ನು ಯಾರ ಉಡಿಗೆ ಹಾಕಲಿ?

ಈಗ ತಾಂಡೂರಿನಲ್ಲಿದ್ದಾಳೆ. ಮನೆಯ ನೆಲ, ಕಟ್ಟೆ, ಅಂಗಳ ಎಲ್ಲ ನುಣುಪು ಹಾಸುಗಲ್ಲು, ಬೂದು ಬಣ್ಣ. ಅಳಿಯ ಕೆಟ್ಟವನಲ್ಲ, ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಇಷ್ಟನ್ನು ಎಣಿಸುತ್ತೇನೆ. ಮೊನ್ನೆ ಫೋನಿನಲ್ಲಿ ನಗುತ್ತ ಹೇಳಿದಳು, "ಅವ್ವಾ, ಅಟ್ಟದ ಮ್ಯಾಲಿನ ಡಬ್ಬಿ ತೆಗೀಲಾಕ ಸ್ಟೂಲ್ ಹತ್ತಿದ್ರ ಅತ್ತಿ ಓಡಿ ಬರ್ತಾರ. ಬಿದ್ದೀ ಅಂತಾರ." ನಾನೂ ನಕ್ಕೆ. ಫೋನಿಟ್ಟ ಮೇಲೆ ಎಷ್ಟೋ ಹೊತ್ತು ಒಲೆ ಹಚ್ಚಲಾಗಲಿಲ್ಲ.

ತೊಟ್ಟಿಲ ಕಾರ್ಯ ಮುಗಿಸಿ ಮರಳುವಾಗ ಆ ಶಾಲೆಯ ಹತ್ತಿರ ಇಳಿದುಬಿಟ್ಟೆ. ಗೋಡೆ ಪಡುವಣಕ್ಕೆ ಮುಖ ಮಾಡಿದೆ. ಸಂಜೆಯ ಅಡ್ಡಬಿಸಿಲು ನೇರ ಫ್ಲೆಕ್ಸಿನ ಮೇಲೆ ಬೀಳುತ್ತಿತ್ತು. ದಿನಾ ಬೀಳುತ್ತಿತ್ತೆಂದು ತೋರುತ್ತದೆ. ಆಕಾಶದ ನೀಲಿ ಇನ್ನೂ ಇದೆ. ಬಂಡೆಯ ಕರಿ ಇದೆ. ಕೆಂಪು ಮೊದಲು ಹೋಗಿದೆ. ಹಳದಿ ತೋಳೂ ಹೋಗಿದೆ. ಅಂಗಿ ಬೂದು ಬಣ್ಣವಾಗಿ ಬಂಡೆಗೆ ಸೇರಿಕೊಂಡಿದೆ, ನಾನು ತೆಗೆದ ಮೊದಲ ಫೋಟೋದಲ್ಲಿ ಇದ್ದ ಹಾಗೆಯೇ.

ಬಸ್ಸಿಗೆ ಕಾಯುತ್ತಿದ್ದ ಒಬ್ಬಾಕೆ ಗಂಟು ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತಳು.

"ಏನ್ ನೋಡ್ಲಾಕತ್ತೀರವ್ವಾ? ಬರೇ ಕಲ್ಲು ಅದಲ್ಲ ಅಲ್ಲಿ."

"ಇಲ್ರೀ. ಒಬ್ಬಾಕಿ ಹುಡುಗಿ ಹತ್ಲಾಕತ್ತಾಳ. ಇಲ್ಲಿ ನೋಡ್ರಿ, ಇದು ಕೈ. ಇದು ಕಾಲು."

ಆಕೆ ಹಣೆಗೆ ಕೈ ಅಡ್ಡ ಹಿಡಿದು ನನ್ನ ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸಿದಳು. ಒಳ್ಳೆಯವಳು, ಬಹಳ ಹೊತ್ತು ಹುಡುಕಿದಳು.

"ನನಗೇನೂ ಕಾಣವಲ್ಲದವ್ವಾ," ಎಂದಳು.

ಬಸ್ಸು ಬಂತು, ಹತ್ತಿದೆ. ಆ ರಾತ್ರಿ ದೀಪ ಶಾಂತ ಮಾಡಿ ಎಣಿಸಲು ಕುಳಿತೆ. ನನಗೆ ಕಂಡಳು, ಒಂದು. ಮುಂದಿನದಕ್ಕೆ ಬೆರಳು ಮಡಚಿ ಹಾಗೇ ಕುಳಿತಿದ್ದೆ. ಸಿಗಲಿಲ್ಲ.